ಹೆವಿ ಫರ್ಮಿಯಾನ್ ವಸ್ತುಗಳಲ್ಲಿ ಕಾಂತತೆ ಮತ್ತು ಅತಿವಾಹಕತೆ: ಪದೇ ಪದೇ ಕೇಳುವ ಪ್ರಶ್ನೆಗಳು

ಸೀರಿಯಂ, ಯುರೇನಿಯಂ ಇರುವ, ಎಲೆಕ್ಟ್ರಾನ್‌ಗಳು ತುಂಬಾ ಭಾರ ಇದ್ದಂತೆ ನಡೆದುಕೊಳ್ಳುವ ಕೆಲವು ಲೋಹಗಳಲ್ಲಿ (ಇವೇ ಹೆವಿ ಫರ್ಮಿಯಾನ್ ವಸ್ತುಗಳು) ಕಾಂತತೆ ಮತ್ತು ಅತಿವಾಹಕತೆ, ಅಂದರೆ ರೋಧವೇ ಇಲ್ಲದೆ ವಿದ್ಯುತ್ ಹರಿಯುವ ಸೂಪರ್‌ಕಂಡಕ್ಟರ್ ಗುಣ, ಅಕ್ಕಪಕ್ಕದಲ್ಲೇ ಇರುತ್ತವೆ, ಕೆಲವೊಮ್ಮೆ ಒಂದೇ ಹರಳಿನೊಳಗೂ ಇರುತ್ತವೆ. ಇದರ ಬಗ್ಗೆ ಬಿಎಸ್ಸಿ, ಎಂಎಸ್ಸಿ ಓದುವವರು, ಕುತೂಹಲಕ್ಕೆ ವಿಜ್ಞಾನ ಓದುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಇದೆ. ಸಮೀಕರಣ ಒಂದೂ ಇಲ್ಲ. ಆದರೆ ಸ್ಪಿನ್ ಅಂದರೇನು, ಕೆಲ್ವಿನ್ ಅಂದರೇನು ಎಂಬಷ್ಟು ಗೊತ್ತಿದೆ ಅಂದುಕೊಂಡು ಬರೆದಿದ್ದೇನೆ.

ಕಾಂತತೆ ಅತಿವಾಹಕತೆಯನ್ನು ಹಾಳುಮಾಡುತ್ತದೆ ಎಂದು ಎಲ್ಲ ಪುಸ್ತಕದಲ್ಲೂ ಇದೆಯಲ್ಲ, ಅದು ಸುಳ್ಳಾ?

ಸುಳ್ಳಲ್ಲ. ಸೀಸ, ತವರ, ನಿಯೋಬಿಯಂನಂಥ ಸಾಮಾನ್ಯ ಸೂಪರ್‌ಕಂಡಕ್ಟರ್‌ಗಳ ಮಟ್ಟಿಗೆ ಪೂರ್ತಿ ನಿಜ. ಅವುಗಳಲ್ಲಿ ಎಲೆಕ್ಟ್ರಾನ್‌ಗಳು ಜೋಡಿಯಾಗಿ ಓಡಾಡುತ್ತವೆ. ಜೋಡಿಯಲ್ಲಿ ಒಂದರ ಸ್ಪಿನ್ ಮೇಲಕ್ಕೆ, ಇನ್ನೊಂದರದ್ದು ಕೆಳಕ್ಕೆ. ಜೋಡಿ ಕಟ್ಟಿಕೊಡುವುದು ಹರಳಿನ ಪರಮಾಣುಗಳ ಕಂಪನ. 1957ರಲ್ಲಿ ಬಾರ್ಡೀನ್, ಕೂಪರ್, ಶ್ರೀಫರ್ ಕೊಟ್ಟ ಬಿಸಿಎಸ್ ಸಿದ್ಧಾಂತದ ತಿರುಳು ಇಷ್ಟೇ.

ಈಗ ಅದರೊಳಗೆ ಒಂದು ಕಾಂತೀಯ ಪರಮಾಣು ಸೇರಿಸಿ. ಪಕ್ಕದಲ್ಲಿ ಹಾದುಹೋಗುವ ಎಲೆಕ್ಟ್ರಾನ್‌ನ ಸ್ಪಿನ್ನನ್ನು ಅದು ತಿರುಗಿಸಿಬಿಡುತ್ತದೆ. ಜೋಡಿ ಒಡೆಯುತ್ತದೆ. 1958ರಲ್ಲಿ ಬರ್ನ್ಡ್ ಮಥಾಯಸ್ ಮತ್ತು ಸಂಗಡಿಗರು ಲ್ಯಾಂಥನಂ ಲೋಹಕ್ಕೆ ಚೂರು ಗ್ಯಾಡೊಲಿನಿಯಂ ಬೆರೆಸಿ ನೋಡಿದರು. ಶೇಕಡ 1ರ ಆಸುಪಾಸು ತಲುಪುವ ಹೊತ್ತಿಗೆ ಅತಿವಾಹಕತೆ ಮಾಯ.

ಇನ್ನೂ ಚಂದದ ಉದಾಹರಣೆ 1977ರದ್ದು. ಎರ್ಬಿಯಂ, ರೋಡಿಯಂ, ಬೋರಾನ್ ಸೇರಿದ ಒಂದು ವಸ್ತು ಸುಮಾರು 8.7 ಕೆಲ್ವಿನ್‌ನಲ್ಲಿ ಸೂಪರ್‌ಕಂಡಕ್ಟರ್ ಆಗುತ್ತದೆ. ಇನ್ನೂ ತಣ್ಣಗೆ ಮಾಡುತ್ತಾ ಹೋದರೆ 0.9 ಕೆಲ್ವಿನ್ ಹತ್ತಿರ ಎರ್ಬಿಯಂ ಸ್ಪಿನ್‌ಗಳೆಲ್ಲ ಒಂದೇ ದಿಕ್ಕಿಗೆ ಸಾಲುಗಟ್ಟುತ್ತವೆ, ರೋಧ ವಾಪಸ್ ಬರುತ್ತದೆ. ತಣ್ಣಗಾದಷ್ಟೂ ಅತಿವಾಹಕತೆ ಗಟ್ಟಿಯಾಗಬೇಕಿತ್ತು, ಅಲ್ವಾ? ಇಲ್ಲಿ ಸತ್ತೇ ಹೋಯಿತು.

ಒಂದು ವಿಷಯ ಗಮನಿಸಿ. ಇಲ್ಲೆಲ್ಲ ಕಾಂತತೆ ಇರುವುದು ಒಂದು ಗುಂಪಿನ ಎಲೆಕ್ಟ್ರಾನ್‌ಗಳಲ್ಲಿ, ಅತಿವಾಹಕತೆ ಇರುವುದು ಇನ್ನೊಂದು ಗುಂಪಿನಲ್ಲಿ. ಹೆವಿ ಫರ್ಮಿಯಾನ್ ವಸ್ತುಗಳಲ್ಲಿ ಎರಡೂ ಕೆಲಸಕ್ಕೆ ಇಳಿಯುವುದು ಅದೇ ಎಲೆಕ್ಟ್ರಾನ್‌ಗಳು. ಈ ಪುಟದ ಉಳಿದ ಮಾತೆಲ್ಲ ಈ ಒಂದು ವ್ಯತ್ಯಾಸದಿಂದಲೇ ಹುಟ್ಟುವುದು.

ಹೆವಿ ಅಂದರೆ ಎಲೆಕ್ಟ್ರಾನ್ ನಿಜವಾಗಲೂ ತೂಕ ಹೆಚ್ಚಿಸಿಕೊಳ್ಳುತ್ತದಾ?

ಇಲ್ಲ. ಒಂಟಿ ಎಲೆಕ್ಟ್ರಾನ್‌ನ ತೂಕ ಎಲ್ಲಿದ್ದರೂ ಅಷ್ಟೇ. ಆದರೆ ಈ ಲೋಹಗಳೊಳಗೆ ಅದು ನಡೆದುಕೊಳ್ಳುವ ರೀತಿ ನೋಡಿದರೆ ನೂರಾರು ಪಟ್ಟು ಭಾರದ ಕಣವೊಂದು ಚಲಿಸಿದ ಹಾಗೆ ಇರುತ್ತದೆ.

ಇದನ್ನು ಕಂಡುಹಿಡಿಯಲು ಸುಲಭದ ದಾರಿ ಎಂದರೆ ಬಿಸಿ ಎಷ್ಟು ಹೀರುತ್ತದೆ ಎಂದು ಅಳೆಯುವುದು. ತೀರಾ ಕಡಿಮೆ ಉಷ್ಣಾಂಶದಲ್ಲಿ ಲೋಹದ ಎಲೆಕ್ಟ್ರಾನ್‌ಗಳು ಹೀರುವ ಶಾಖ ಉಷ್ಣಾಂಶಕ್ಕೆ ತಕ್ಕಂತೆ ನೇರವಾಗಿ ಏರುತ್ತದೆ. ಆ ಏರಿಕೆಯ ಗುಣಾಂಕಕ್ಕೆ ಗಾಮಾ ಎನ್ನುತ್ತಾರೆ. ಎಲೆಕ್ಟ್ರಾನ್ ಭಾರವಾದಷ್ಟೂ ಗಾಮಾ ದೊಡ್ಡದು. ತಾಮ್ರದಲ್ಲಿ ಇದು ಸುಮಾರು 0.7, ಮೋಲ್‌ಗೆ ಮಿಲಿಜೌಲ್ ಲೆಕ್ಕದಲ್ಲಿ. 1975ರಲ್ಲಿ ಆಂಡ್ರೆಸ್, ಗ್ರೇಬ್ನರ್, ಆಟ್ ಮೂವರು ಸೀರಿಯಂ-ಅಲ್ಯೂಮಿನಿಯಂ-3 ಎಂಬ ವಸ್ತುವಿನಲ್ಲಿ ಅಳೆದಾಗ ಬಂದದ್ದು 1620. ಎರಡು ಸಾವಿರ ಪಟ್ಟಿಗೂ ಜಾಸ್ತಿ. ಹೆವಿ ಫರ್ಮಿಯಾನ್ ಕಥೆ ಶುರುವಾಗುವುದು ಸಾಮಾನ್ಯವಾಗಿ ಇಲ್ಲಿಂದಲೇ.

ಯಾವ ಧಾತು ಇದ್ದರೆ ಹೀಗಾಗುತ್ತದೆ?

ಮುಖ್ಯವಾಗಿ ಸೀರಿಯಂ, ಇಟ್ಟರ್ಬಿಯಂ, ಯುರೇನಿಯಂ. ಜೊತೆಗೆ ಪ್ಲುಟೋನಿಯಂನಂಥ ಕೆಲವು. ಇವುಗಳಲ್ಲೆಲ್ಲ ಎಫ್ ಕಕ್ಷೆಯ ಎಲೆಕ್ಟ್ರಾನ್‌ಗಳು ಅರ್ಧಂಬರ್ಧ ತುಂಬಿರುತ್ತವೆ. ಎಫ್ ಎಲೆಕ್ಟ್ರಾನ್ ಪರಮಾಣುವಿಗೆ ಅಂಟಿಕೊಂಡಿರುತ್ತದೆ, ಆದರೆ ಪೂರ್ತಿ ಅಂಟಿಕೊಂಡೂ ಇರುವುದಿಲ್ಲ. ಬಿಟ್ಟು ಹೊರಟರೆ ಲೋಹದ ವಿದ್ಯುತ್ತಿಗೆ ಸೇರುತ್ತದೆ, ಅಲ್ಲೇ ಕೂತರೆ ಪುಟ್ಟ ಆಯಸ್ಕಾಂತ ಆಗುತ್ತದೆ.

ಕೊಂಡೊ, ಆರ್‌ಕೆಕೆವೈ ಎಂಬ ಹೆಸರುಗಳು ಎಲ್ಲ ಕಡೆ ಬರುತ್ತವೆ. ಏನವು?

ಎಫ್ ಎಲೆಕ್ಟ್ರಾನ್ ಅಲ್ಲೇ ಕೂತು ಆಯಸ್ಕಾಂತ ಆಗಿದೆ ಎಂದುಕೊಳ್ಳಿ. ಅದರ ಮುಂದೆ ಎರಡು ದಾರಿ ಇವೆ.

ಒಂದನೆಯದು, ಸುತ್ತ ಓಡಾಡುವ ಎಲೆಕ್ಟ್ರಾನ್‌ಗಳು ಅದರ ಸ್ಪಿನ್ನಿಗೆ ಎದುರು ಸ್ಪಿನ್ ಇಟ್ಟು ಮುಚ್ಚಿಹಾಕುವುದು. ಹೊರಗಿನಿಂದ ನೋಡಿದರೆ ಆಯಸ್ಕಾಂತ ಕಾಣಿಸುವುದೇ ಇಲ್ಲ. ಇದು ಕೊಂಡೊ ಪರಿಣಾಮ. ಜಪಾನಿನ ಜುನ್ ಕೊಂಡೊ 1964ರಲ್ಲಿ ಇದರ ಲೆಕ್ಕ ಮಾಡಿದರು. ಅವರು ಬಿಡಿಸಲು ಹೊರಟದ್ದು ಬೇರೆ ಒಗಟು. ಚಿನ್ನದ ತಂತಿಯನ್ನು ತಣ್ಣಗೆ ಮಾಡುತ್ತಾ ಹೋದರೆ ರೋಧ ಇಳಿದು, ಆಮೇಲೆ ಯಾಕೆ ಮತ್ತೆ ಏರುತ್ತದೆ ಎಂಬ 1934ರಷ್ಟು ಹಳೆಯ ಪ್ರಶ್ನೆ. ತಂತಿಯಲ್ಲಿದ್ದ ಅತ್ಯಲ್ಪ ಕಾಂತೀಯ ಅಶುದ್ಧಿಯೇ ಕಾರಣ ಎಂದು ಆಮೇಲೆ ಗೊತ್ತಾಯಿತು.

ಎರಡನೆಯದು, ಒಂದು ಎಫ್ ಸ್ಪಿನ್ ಓಡಾಡುವ ಎಲೆಕ್ಟ್ರಾನ್‌ಗಳ ಮೂಲಕ ದೂರದ ಇನ್ನೊಂದು ಎಫ್ ಸ್ಪಿನ್ನಿಗೆ ತನ್ನ ದಿಕ್ಕು ತಿಳಿಸುವುದು. ಹೀಗೆ ಎಲ್ಲ ಸ್ಪಿನ್‌ಗಳೂ ಒಂದು ಶಿಸ್ತಿಗೆ ಬಂದು ಕಾಂತೀಯ ವ್ಯವಸ್ಥೆ ಹುಟ್ಟುತ್ತದೆ. ರೂಡರ್ಮನ್, ಕಿಟ್ಟೆಲ್, ಕಸುಯಾ, ಯೋಸಿಡಾ ಎಂಬ ನಾಲ್ವರ ಮೊದಲಕ್ಷರ ಸೇರಿಸಿ ಇದಕ್ಕೆ ಆರ್‌ಕೆಕೆವೈ ಎನ್ನುತ್ತಾರೆ. (ಈ ಕಿಟ್ಟೆಲ್ ನಮ್ಮ ನಿಘಂಟಿನ ಕಿಟ್ಟೆಲ್ ಅಲ್ಲ, ಎಂಎಸ್ಸಿಯಲ್ಲಿ ಎಲ್ಲರೂ ಓದುವ ಘನಸ್ಥಿತಿ ಫಿಸಿಕ್ಸ್ ಪುಸ್ತಕದ ಚಾರ್ಲ್ಸ್ ಕಿಟ್ಟೆಲ್.)

ಇವೆರಡರ ಪೈಪೋಟಿಯಲ್ಲಿ ಯಾರು ಗೆಲ್ಲುತ್ತಾರೆ ಎನ್ನುವುದು ಎಫ್ ಎಲೆಕ್ಟ್ರಾನ್ ಮತ್ತು ಓಡಾಡುವ ಎಲೆಕ್ಟ್ರಾನ್ ನಡುವಿನ ನಂಟು ಎಷ್ಟು ಬಲವಾಗಿದೆ ಎಂಬುದರ ಮೇಲೆ ನಿಂತಿದೆ. ನಂಟು ಸಡಿಲ ಇದ್ದರೆ ಆರ್‌ಕೆಕೆವೈ ಗೆದ್ದು ಕಾಂತತೆ ಬರುತ್ತದೆ. ನಂಟು ಬಿಗಿಯಾದರೆ ಕೊಂಡೊ ಗೆದ್ದು ಕಾಂತತೆ ಇಲ್ಲದ, ಆದರೆ ತುಂಬಾ ಭಾರದ ಎಲೆಕ್ಟ್ರಾನ್‌ಗಳ ಲೋಹ ಸಿಗುತ್ತದೆ. ಸೆಬಾಸ್ಟಿಯನ್ ಡೋನಿಯಾಕ್ 1977ರಲ್ಲಿ ಬರೆದ ಚಿತ್ರ ಇದು. ಈ ಕ್ಷೇತ್ರದ ಯಾವ ಭಾಷಣಕ್ಕೆ ಹೋದರೂ ಮೊದಲ ಐದು ನಿಮಿಷದಲ್ಲಿ ಈ ಚಿತ್ರ ಬಂದೇ ಬರುತ್ತದೆ.

1979ರಲ್ಲಿ ಅಷ್ಟೊಂದು ಗಲಾಟೆ ಯಾಕಾಯಿತು?

ಆ ವರ್ಷ ಜರ್ಮನಿಯಲ್ಲಿ ಫ್ರಾಂಕ್ ಸ್ಟೆಗ್ಲಿಚ್ ಮತ್ತು ಸಂಗಡಿಗರು ಒಂದು ಸೀರಿಯಂಗೆ ಎರಡು ತಾಮ್ರ, ಎರಡು ಸಿಲಿಕಾನ್ ಇರುವ ವಸ್ತು ಸುಮಾರು ಅರ್ಧ ಕೆಲ್ವಿನ್‌ನಲ್ಲಿ ಸೂಪರ್‌ಕಂಡಕ್ಟರ್ ಆಗುತ್ತದೆ ಎಂದು ಪ್ರಕಟಿಸಿದರು. ಲ್ಯಾಬ್‌ಗಳಲ್ಲಿ ಇದನ್ನು ಸುಮ್ನೆ 122 ಎಂದೇ ಕರೆಯುವುದು. ಶೇಕಡ 1ರಷ್ಟು ಕಾಂತೀಯ ಪರಮಾಣು ಸೇರಿದರೆ ಕಥೆ ಮುಗಿಯಿತು ಎಂದು ನಂಬಿದ್ದ ಕಾಲ ಅದು. ಇಲ್ಲಿ ನೋಡಿದರೆ ಹರಳಿನ ಪ್ರತಿ ಘಟಕದಲ್ಲೂ ಕಾಂತೀಯವಾಗಬಲ್ಲ ಸೀರಿಯಂ ಕೂತಿದೆ. ಎಷ್ಟೋ ಜನ ನಂಬಲಿಲ್ಲ. ಯಾವುದೋ ಅಶುದ್ಧಿಯ ಎಳೆ ಇರಬೇಕು ಎಂದರು.

ಅದಕ್ಕೆ ಉತ್ತರ ಮತ್ತೆ ಶಾಖದ ಅಳತೆಯಲ್ಲೇ ಇತ್ತು. ಅತಿವಾಹಕತೆ ಶುರುವಾಗುವ ಕ್ಷಣದಲ್ಲಿ ವಸ್ತು ಹೀರುವ ಶಾಖ ಒಮ್ಮೆಲೇ ಜಿಗಿಯುತ್ತದೆ. 122ರಲ್ಲಿ ಆ ಜಿಗಿತ ಬೃಹತ್ತಾಗಿತ್ತು, ಗಾಮಾದಷ್ಟೇ ದೊಡ್ಡ ಪ್ರಮಾಣದಲ್ಲಿತ್ತು. ಅಂದರೆ ಜೋಡಿಯಾಗುತ್ತಿರುವುದು ಆ ಭಾರದ ಎಲೆಕ್ಟ್ರಾನ್‌ಗಳೇ. ಎಲ್ಲೋ ಮೂಲೆಯ ಅಶುದ್ಧಿಯಿಂದ ಅಷ್ಟು ಶಾಖ ಬರುವುದಿಲ್ಲ. ಇನ್ನೊಂದು ಸಾಕ್ಷಿ ಬೇಕೇ? ಸೀರಿಯಂ ಜಾಗದಲ್ಲಿ ಎಫ್ ಎಲೆಕ್ಟ್ರಾನ್ ಇಲ್ಲದ ಲ್ಯಾಂಥನಂ ಹಾಕಿದರೆ ಅತಿವಾಹಕತೆಯೇ ಇಲ್ಲ. ಹಳೆಯ ನಿಯಮ ಪೂರ್ತಿ ತಲೆಕೆಳಗು: ಕಾಂತೀಯ ಪರಮಾಣು ತೆಗೆದರೆ ಅತಿವಾಹಕತೆ ಹೋಗುತ್ತದೆ!

ಇದಕ್ಕೂ ಮೊದಲೇ ಒಂದು ಅವಕಾಶ ಕೈತಪ್ಪಿತ್ತು. ಯುರೇನಿಯಂ-ಬೆರಿಲಿಯಂ-13ರಲ್ಲಿ ಅತಿವಾಹಕತೆಯ ಗುರುತು 1975ರಲ್ಲೇ ಕಂಡಿತ್ತು. ಕಂಡವರು ಅದನ್ನು ಯುರೇನಿಯಂ ಎಳೆಗಳ ಕೆಲಸ ಎಂದು ಬದಿಗಿಟ್ಟರು. 1983ರಲ್ಲಿ ಹಾನ್ಸ್ ಆಟ್, ಝಾಕರಿ ಫಿಸ್ಕ್ ಮತ್ತು ಸಂಗಡಿಗರು ಮತ್ತೆ ಅಳೆದು ಅದು ವಸ್ತುವಿನದ್ದೇ ಗುಣ ಎಂದು ತೋರಿಸಿದರು. ಮರುವರ್ಷ ಯುರೇನಿಯಂ-ಪ್ಲಾಟಿನಂ-3 ಬಂತು. ಅಲ್ಲಿಂದಾಚೆ ಯಾರೂ ಅನುಮಾನಿಸಲಿಲ್ಲ.

ಪ್ರಯೋಗಗಳಲ್ಲೆಲ್ಲ ಒತ್ತಡ ಹಾಕುತ್ತಾರೆ, ಯಾಕೆ?

ಮೇಲೆ ಹೇಳಿದ ನಂಟನ್ನು ತಿರುಪು ತಿರುಗಿಸಿದ ಹಾಗೆ ಹೆಚ್ಚು ಕಡಿಮೆ ಮಾಡಬಹುದಾದ ದಾರಿ ಅದು. ಬೇರೆ ಧಾತು ಬೆರೆಸಿಯೂ ಮಾಡಬಹುದು, ಆದರೆ ಬೆರೆಸಿದರೆ ಹರಳು ಕೊಳೆಯಾಗುತ್ತದೆ. ಒತ್ತಡಕ್ಕೆ ಆ ತೊಂದರೆ ಇಲ್ಲ. ಸೀರಿಯಂ ವಸ್ತುವನ್ನು ಹಿಂಡಿದರೆ ಎಫ್ ಎಲೆಕ್ಟ್ರಾನ್ ಹೊರಗಿನವುಗಳೊಂದಿಗೆ ಜಾಸ್ತಿ ಬೆರೆಯುತ್ತದೆ, ಕೊಂಡೊ ಬಲವಾಗುತ್ತದೆ, ಕಾಂತತೆ ಕುಗ್ಗುತ್ತದೆ. ಇಟ್ಟರ್ಬಿಯಂನಲ್ಲಿ ಇದು ಉಲ್ಟಾ, ಹಿಂಡಿದರೆ ಕಾಂತತೆ ಹೆಚ್ಚುತ್ತದೆ.

ಇದನ್ನು ಕಣ್ಣಿಗೆ ಕಟ್ಟುವ ಹಾಗೆ ತೋರಿಸಿದ್ದು ಕೇಂಬ್ರಿಜ್‌ನ ಗಿಲ್ ಲೊನ್ಜಾರಿಕ್ ಗುಂಪು, 1998ರಲ್ಲಿ. ಸೀರಿಯಂ-ಪಲ್ಲೇಡಿಯಂ-ಸಿಲಿಕಾನ್ ವಸ್ತು ಸಾಧಾರಣ ಒತ್ತಡದಲ್ಲಿ ಸುಮಾರು 10 ಕೆಲ್ವಿನ್‌ನಲ್ಲಿ ಆಂಟಿಫೆರೋಮ್ಯಾಗ್ನೆಟ್ ಆಗುತ್ತದೆ, ಅಂದರೆ ಅಕ್ಕಪಕ್ಕದ ಸ್ಪಿನ್‌ಗಳು ಎದುರುಬದುರು ನಿಲ್ಲುವ ಕಾಂತತೆ. ಹಿಂಡುತ್ತಾ ಹೋದರೆ ಆ 10 ಕೆಲ್ವಿನ್ ಇಳಿಯುತ್ತಾ ಹೋಗಿ ಸುಮಾರು 28 ಕಿಲೋಬಾರ್‌ನಲ್ಲಿ, ಅಂದರೆ ವಾತಾವರಣದ ಒತ್ತಡದ 28 ಸಾವಿರ ಪಟ್ಟು ಹತ್ತಿರ, ಸೊನ್ನೆಗೆ ತಲುಪುತ್ತದೆ. ಸರಿಯಾಗಿ ಆ ಜಾಗದ ಸುತ್ತ, ಸಣ್ಣದೊಂದು ಗುಮ್ಮಟದ ಆಕಾರದಲ್ಲಿ, ಅತಿವಾಹಕತೆ ಕಾಣಿಸಿಕೊಳ್ಳುತ್ತದೆ. ಗರಿಷ್ಠ ಬರೀ 0.4 ಕೆಲ್ವಿನ್. ಸೀರಿಯಂ-ಇಂಡಿಯಂ-3ರಲ್ಲೂ ಇದೇ ಕಥೆ, ಅಲ್ಲಿ 0.2 ಕೆಲ್ವಿನ್.

ಕಾಂತತೆ ಸಾಯುವ ಅಂಚಿನಲ್ಲೇ ಅತಿವಾಹಕತೆ ಹುಟ್ಟುತ್ತದೆ. ಆ ಅಂಚಿಗೆ ಕ್ವಾಂಟಂ ಕ್ರಿಟಿಕಲ್ ಪಾಯಿಂಟ್ ಎಂದು ಹೆಸರು. ಅಲ್ಲಿ ಸ್ಪಿನ್‌ಗಳು ಸಾಲುಗಟ್ಟಿರುವುದಿಲ್ಲ, ಸುಮ್ಮನೂ ಇರುವುದಿಲ್ಲ, ಹರಳಿನ ಉದ್ದಕ್ಕೂ ತೊನೆದಾಡುತ್ತಿರುತ್ತವೆ. ಲೋಹದ ರೋಧ ಸಹ ಪಠ್ಯಪುಸ್ತಕದ ಹಾಗೆ ಉಷ್ಣಾಂಶದ ವರ್ಗಕ್ಕೆ ತಕ್ಕಂತೆ ಏರದೆ, ಪಲ್ಲೇಡಿಯಂ ವಸ್ತುವಿನಲ್ಲಿ 1.2ರ ಘಾತದಲ್ಲಿ ಏರುತ್ತದೆ.

ಹಾಗಾದರೆ ಜೋಡಿ ಕಟ್ಟುವ ಅಂಟು ಕಾಂತತೆಯೇ?

ಬಹಳಷ್ಟು ಸೀರಿಯಂ ವಸ್ತುಗಳಲ್ಲಿ ಹೌದು ಎನ್ನುವುದು ನನ್ನ ಅಭಿಪ್ರಾಯ, ಈ ಕ್ಷೇತ್ರದ ಹೆಚ್ಚಿನವರ ಅಭಿಪ್ರಾಯವೂ ಅದೇ. ಸಾಲುಗಟ್ಟಿ ನಿಂತ ಕಾಂತತೆ ಅಲ್ಲ, ತೊನೆದಾಡುವ ಕಾಂತತೆ. ಸಾಮಾನ್ಯ ಸೂಪರ್‌ಕಂಡಕ್ಟರ್‌ನಲ್ಲಿ ಪರಮಾಣುಗಳ ಕಂಪನ ಮಾಡುವ ಕೆಲಸವನ್ನು ಇಲ್ಲಿ ಸ್ಪಿನ್‌ಗಳ ತೊನೆದಾಟ ಮಾಡುತ್ತದೆ.

ಅಂಚಿನಲ್ಲಿ ಕಾಣಿಸಿಕೊಂಡಿತು ಎಂಬುದಷ್ಟೇ ಪುರಾವೆ ಆಗುವುದಿಲ್ಲ. ಒಟ್ಟಿಗೆ ಕಂಡದ್ದೆಲ್ಲ ಕಾರಣ ಅಲ್ಲವಲ್ಲ. ಅದಕ್ಕೇ ನ್ಯೂಟ್ರಾನ್ ಪ್ರಯೋಗಗಳು ಮುಖ್ಯ. ನ್ಯೂಟ್ರಾನ್‌ಗೆ ವಿದ್ಯುದಾವೇಶ ಇಲ್ಲ, ಸ್ಪಿನ್ ಇದೆ. ಹರಳಿನೊಳಗೆ ಹೋಗಿ ಸ್ಪಿನ್‌ಗಳ ಓಲಾಟವನ್ನು ನೇರವಾಗಿ ಅಳೆದು ಬರುತ್ತದೆ. 2011ರಲ್ಲಿ ಒಲಿವರ್ ಸ್ಟಾಕರ್ಟ್ ಮತ್ತು ಸಂಗಡಿಗರು 122ರಲ್ಲಿ ಹೀಗೆ ಅಳೆದು ಲೆಕ್ಕ ಹಾಕಿದರು. ಅತಿವಾಹಕ ಸ್ಥಿತಿಗೆ ಹೋದಾಗ ಸ್ಪಿನ್‌ಗಳ ಪರಸ್ಪರ ಶಕ್ತಿಯಲ್ಲಿ ಆಗುವ ಉಳಿತಾಯ, ಅತಿವಾಹಕತೆಗೆ ಬೇಕಾದ ಒಟ್ಟು ಶಕ್ತಿಗಿಂತ ಹತ್ತು ಪಟ್ಟಿಗೂ ಜಾಸ್ತಿ ಇತ್ತು. ಮಿಕ್ಕ ಹಣ ಎಲೆಕ್ಟ್ರಾನ್‌ಗಳ ಚಲನೆಯ ಖರ್ಚಿಗೆ ಹೋಗುತ್ತದೆ ಎಂದು ಅವರ ವಾದ. ನನ್ನನ್ನು ಒಪ್ಪಿಸಿದ್ದು ಗುಮ್ಮಟದ ಚಿತ್ರಗಳಿಗಿಂತ ಈ ಲೆಕ್ಕ.

ಆದರೆ ಅಪವಾದಗಳೂ ಇವೆ. ಅದೇ 122 ಗುಂಪಿನ ವಸ್ತುವನ್ನು ಇನ್ನಷ್ಟು ಹಿಂಡಿದರೆ ಎರಡನೆಯ ಗುಮ್ಮಟ ಸಿಗುತ್ತದೆ. ಅದು ಕಾಂತೀಯ ಅಂಚಿನಿಂದ ದೂರ ಇದೆ. ಅಲ್ಲಿ ಅಂಟು ಸೀರಿಯಂನ ವೇಲೆನ್ಸಿಯ ಏರಿಳಿತ ಇರಬಹುದು ಎಂಬುದು ಒಂದು ವಾದ.

ಎಲೆಕ್ಟ್ರಾನ್‌ಗಳು ಒಂದನ್ನೊಂದು ತಳ್ಳುತ್ತವಲ್ಲ, ಕಾಂತೀಯ ಅಂಟು ಇದ್ದರೂ ಜೋಡಿ ಹೇಗೆ ಉಳಿಯುತ್ತದೆ?

ಒಂದೇ ಹೊತ್ತಿನಲ್ಲಿ ಒಂದೇ ಜಾಗದಲ್ಲಿ ಇರದಿದ್ದರೆ ಸಾಕು. ಗಂಡನಿಗೆ ಹಗಲು ಪಾಳಿ, ಹೆಂಡತಿಗೆ ರಾತ್ರಿ ಪಾಳಿ ಇರುವ ಮನೆಯ ಹಾಗೆ. ಮುಖಾಮುಖಿ ಆಗುವುದು ಕಡಿಮೆ, ಸಂಸಾರ ಮಾತ್ರ ನಡೆಯುತ್ತದೆ.

ಎಲೆಕ್ಟ್ರಾನ್ ಜೋಡಿಯ ಮಟ್ಟಿಗೆ ಇದರ ಅರ್ಥ ಏನೆಂದರೆ, ಜೋಡಿಯ ತರಂಗ ಒಂದು ದಿಕ್ಕಿನಲ್ಲಿ ಧನ, ಅದಕ್ಕೆ ಲಂಬವಾದ ದಿಕ್ಕಿನಲ್ಲಿ ಋಣ. ನಡುವೆ ಎಲ್ಲೋ ಸೊನ್ನೆ ಆಗಲೇಬೇಕು. ಇದನ್ನು ಡಿ-ವೇವ್ ಜೋಡಿ ಎನ್ನುತ್ತಾರೆ. ಸೀರಿಯಂ-ಕೋಬಾಲ್ಟ್-ಇಂಡಿಯಂ-5ರಲ್ಲಿ ಇದಕ್ಕೆ ಗಟ್ಟಿ ಸಾಕ್ಷಿ ಇದೆ, 2013ರಲ್ಲಿ ಟನೆಲಿಂಗ್ ಸೂಕ್ಷ್ಮದರ್ಶಕದಲ್ಲೂ ಇದರ ಗುರುತು ಕಂಡಿತು.

122ರಲ್ಲೂ ಹೀಗೇ ಎಂದು ಮೂವತ್ತು ವರ್ಷ ಎಲ್ಲರೂ ಹೇಳಿಕೊಂಡು ಬಂದಿದ್ದರು. 2014ರಲ್ಲಿ ಜಪಾನಿನ ಗುಂಪೊಂದು ಇನ್ನೂ ತಣ್ಣಗೆ ಹೋಗಿ ಶಾಖ ಅಳೆದರೆ ಸೊನ್ನೆಯ ಜಾಗವೇ ಕಾಣಲಿಲ್ಲ. ಎಲ್ಲ ದಿಕ್ಕಿನಲ್ಲೂ ಗ್ಯಾಪ್, ಅಂದರೆ ಜೋಡಿ ಒಡೆಯಲು ಬೇಕಾದ ಕನಿಷ್ಠ ಶಕ್ತಿ, ಇದೆ. ಈ ಕ್ಷೇತ್ರದ ಮೊದಲ ವಸ್ತುವಿನ ಜೋಡಿಯ ಆಕಾರದ ಬಗ್ಗೆ ಹೀಗೆ ಚರ್ಚೆ ಮತ್ತೆ ತೆರೆದುಕೊಂಡಿತು.

ಕಾಂತತೆ ಮತ್ತು ಅತಿವಾಹಕತೆ ಒಂದೇ ಜಾಗದಲ್ಲಿ ಇರುತ್ತವಾ, ಅಥವಾ ಹರಳನ್ನು ಪಾಲು ಮಾಡಿಕೊಳ್ಳುತ್ತವಾ?

ವಸ್ತುವಿನ ಮೇಲೆ ಹೋಗುತ್ತದೆ. ಇದಕ್ಕೆ ಒಂದೇ ಉತ್ತರ ಹುಡುಕಬೇಡಿ.

122ರಲ್ಲಿ ಜಗಳ. ತಾಮ್ರದ ಪ್ರಮಾಣ ಕೂದಲೆಳೆಯಷ್ಟು ಬದಲಾದರೆ ಒಂದು ಹರಳು ಆಂಟಿಫೆರೋಮ್ಯಾಗ್ನೆಟ್, ಇನ್ನೊಂದು ಸೂಪರ್‌ಕಂಡಕ್ಟರ್. ನಡುವಿನ ಹರಳುಗಳಲ್ಲಿ ಎರಡೂ ಇದ್ದರೂ ಬೇರೆ ಬೇರೆ ಪ್ರದೇಶಗಳಲ್ಲಿ.

ಯುರೇನಿಯಂ-ಪಲ್ಲೇಡಿಯಂ-ಅಲ್ಯೂಮಿನಿಯಂ ವಸ್ತುವಿನಲ್ಲಿ, 1991ರಲ್ಲಿ ಸಿಕ್ಕಿದ್ದು, ಪೂರ್ತಿ ಸಹಬಾಳ್ವೆ. 14 ಕೆಲ್ವಿನ್‌ನಲ್ಲಿ ಆಂಟಿಫೆರೋಮ್ಯಾಗ್ನೆಟ್ ಆಗುತ್ತದೆ, ಅದೂ ಸಣ್ಣಪುಟ್ಟ ಕಾಂತತೆ ಅಲ್ಲ, ಪ್ರತಿ ಯುರೇನಿಯಂಗೆ 0.85 ಬೋರ್ ಮ್ಯಾಗ್ನೆಟಾನ್ (ಪರಮಾಣುವಿನ ಕಾಂತತೆ ಅಳೆಯುವ ಮಾನ). ಆಮೇಲೆ 2 ಕೆಲ್ವಿನ್‌ನಲ್ಲಿ ಸೂಪರ್‌ಕಂಡಕ್ಟರ್ ಆಗುತ್ತದೆ, ಕಾಂತತೆ ಹಾಗೇ ಇರುತ್ತದೆ. ಯುರೇನಿಯಂನಲ್ಲಿ ಒಂದಕ್ಕಿಂತ ಹೆಚ್ಚು ಎಫ್ ಎಲೆಕ್ಟ್ರಾನ್ ಇರುವುದರಿಂದ ಕೆಲವು ಕೂತಲ್ಲೇ ಕೂತು ಆಯಸ್ಕಾಂತ ಆಗುತ್ತವೆ, ಉಳಿದವು ಓಡಾಡಿ ಜೋಡಿಯಾಗುತ್ತವೆ ಎನ್ನುವುದು ಇದಕ್ಕೆ ಕೊಡುವ ವಿವರಣೆ.

ಮೂರನೆಯ ರೀತಿ ಇನ್ನೂ ವಿಚಿತ್ರ. ಸೀರಿಯಂ-ಕೋಬಾಲ್ಟ್-ಇಂಡಿಯಂ-5ಕ್ಕೆ ಬಲವಾದ ಕಾಂತಕ್ಷೇತ್ರ ಹಾಕಿದರೆ ಅತಿವಾಹಕತೆ ಮುಗಿಯುವ ಸ್ವಲ್ಪ ಮುಂಚೆ ಒಂದು ಕಾಂತೀಯ ವ್ಯವಸ್ಥೆ ಹುಟ್ಟುತ್ತದೆ. ಸುಮಾರು 11.7 ಟೆಸ್ಲಾದಲ್ಲಿ ಅತಿವಾಹಕತೆ ಸತ್ತ ಕೂಡಲೇ ಆ ಕಾಂತತೆಯೂ ಸಾಯುತ್ತದೆ. ಕ್ಷೇತ್ರ ಹೆಚ್ಚಾದರೆ ಕಾಂತತೆ ಬಲಿಯಬೇಕಿತ್ತಲ್ವಾ? ಇಲ್ಲ, ಅದಕ್ಕೆ ಉಸಿರು ಅತಿವಾಹಕತೆಯೇ. ಮಿಷೆಲ್ ಕೆನ್ಜೆಲ್‌ಮನ್ ಮತ್ತು ಸಂಗಡಿಗರು 2008ರಲ್ಲಿ ನ್ಯೂಟ್ರಾನ್‌ನಿಂದ ಇದನ್ನು ತೋರಿಸಿದರು. ಈ ಪುಟದಲ್ಲಿ ಒಂದೇ ಪ್ರಯೋಗ ನೆನಪಿಟ್ಟುಕೊಳ್ಳಿ ಎಂದರೆ ನಾನು ಇದನ್ನೇ ಹೇಳುತ್ತೇನೆ.

115 ಅಂದರೇನು? ಎಲ್ಲರೂ ಅದರ ಹಿಂದೆ ಯಾಕೆ ಬಿದ್ದಿದ್ದಾರೆ?

ಒಂದು ಸೀರಿಯಂ, ಒಂದು ಕೋಬಾಲ್ಟ್ ಅಥವಾ ರೋಡಿಯಂ ಅಥವಾ ಇರಿಡಿಯಂ, ಐದು ಇಂಡಿಯಂ. ಅದಕ್ಕೇ ಒನ್-ಒನ್-ಫೈವ್. 2000 ಮತ್ತು 2001ರಲ್ಲಿ ಅಮೆರಿಕದ ಲಾಸ್ ಅಲಾಮೋಸ್‌ನಲ್ಲಿ ಇವುಗಳ ಅತಿವಾಹಕತೆ ಸಿಕ್ಕಿತು. ಮೇಲೆ ಹೇಳಿದ ಸೀರಿಯಂ-ಇಂಡಿಯಂ-3ರ ಪದರಗಳ ನಡುವೆ ಇನ್ನೊಂದು ಪದರ ತೂರಿಸಿದ ರಚನೆ ಇದು. ಅಷ್ಟರಿಂದಲೇ 0.2 ಕೆಲ್ವಿನ್ ಇದ್ದದ್ದು 2 ಕೆಲ್ವಿನ್ ದಾಟಿತು. ಪದರ ಪದರವಾದ ರಚನೆ ಕಾಂತೀಯ ಅಂಟಿಗೆ ಅನುಕೂಲ ಎಂದು ಇದರಿಂದ ಗೊತ್ತಾಯಿತು. ಅದೇ ರಚನೆಯಲ್ಲಿ ಸೀರಿಯಂ ಜಾಗಕ್ಕೆ ಪ್ಲುಟೋನಿಯಂ, ಇಂಡಿಯಂ ಜಾಗಕ್ಕೆ ಗ್ಯಾಲಿಯಂ ಹಾಕಿದ ವಸ್ತು 2002ರಲ್ಲಿ 18.5 ಕೆಲ್ವಿನ್ ಮುಟ್ಟಿತು. ಈ ಜಾತಿಯಲ್ಲಿ ಅದು ದೊಡ್ಡ ಸಂಖ್ಯೆ.

ಆಟಕ್ಕೆ ಚೆನ್ನಾಗಿರುವುದು ರೋಡಿಯಂ 115. ಸುಮ್ನೆ ಇಟ್ಟರೆ 3.8 ಕೆಲ್ವಿನ್‌ನಲ್ಲಿ ಆಂಟಿಫೆರೋಮ್ಯಾಗ್ನೆಟ್. ಹಿಂಡಿದರೆ ಮೊದಲು ಕಾಂತತೆ ಮತ್ತು ಅತಿವಾಹಕತೆ ಎರಡೂ ಒಟ್ಟಿಗೆ, ಸುಮಾರು 1.75 ಗಿಗಾಪಾಸ್ಕಲ್ ದಾಟಿದ ಮೇಲೆ ಬರೀ ಅತಿವಾಹಕತೆ. ಕಾಂತತೆ ಪೂರ್ತಿ ಹೋಯಿತು ಎಂದುಕೊಳ್ಳುವಷ್ಟರಲ್ಲಿ ಕಾಂತಕ್ಷೇತ್ರ ಹಾಕಿ ಅತಿವಾಹಕತೆಯನ್ನು ಸ್ವಲ್ಪ ಸಡಿಲ ಮಾಡಿ ನೋಡಿ. ಕಾಂತತೆ ವಾಪಸ್! ಎಲ್ಲಿಗೂ ಹೋಗಿರಲಿಲ್ಲ, ಅದೇ ಎಲೆಕ್ಟ್ರಾನ್‌ಗಳನ್ನು ಅತಿವಾಹಕತೆ ಕಬಳಿಸಿದ್ದರಿಂದ ಅಡಗಿತ್ತು. 2006ರಲ್ಲಿ ಲಾಸ್ ಅಲಾಮೋಸ್ ಮತ್ತು ಗ್ರೆನೋಬಲ್‌ನ ಗುಂಪುಗಳು ಇದನ್ನು ತೋರಿಸಿದವು.

ಆಂಟಿಫೆರೋ ಸರಿ. ನಿಜವಾದ ಆಯಸ್ಕಾಂತ, ಅಂದರೆ ಫೆರೋಮ್ಯಾಗ್ನೆಟ್ ಒಳಗೂ ಅತಿವಾಹಕತೆ ಇರುತ್ತದಾ?

ಇರುತ್ತದೆ, ಮತ್ತೆ ಯುರೇನಿಯಂನಲ್ಲೇ. 2000ದಲ್ಲಿ ಯುರೇನಿಯಂ-ಜರ್ಮೇನಿಯಂ-2ರಲ್ಲಿ ಒತ್ತಡದ ಕೆಳಗೆ ಸಿಕ್ಕಿತು. ಮರುವರ್ಷ ಯುರೇನಿಯಂ-ರೋಡಿಯಂ-ಜರ್ಮೇನಿಯಂನಲ್ಲಿ ಒತ್ತಡವೇ ಇಲ್ಲದೆ, 9.5 ಕೆಲ್ವಿನ್‌ನಲ್ಲಿ ಫೆರೋಮ್ಯಾಗ್ನೆಟ್ ಆಗಿ 0.25 ಕೆಲ್ವಿನ್‌ನಲ್ಲಿ ಸೂಪರ್‌ಕಂಡಕ್ಟರ್. 2007ರಲ್ಲಿ ಇದರ ತಮ್ಮನಂಥ, ರೋಡಿಯಂ ಜಾಗದಲ್ಲಿ ಕೋಬಾಲ್ಟ್ ಇರುವ ವಸ್ತು ಬಂತು.

ಎಲ್ಲ ಸ್ಪಿನ್‌ಗಳೂ ಒಂದೇ ದಿಕ್ಕಿಗೆ ಇರುವಾಗ ಮೇಲೆ-ಕೆಳಗೆ ಜೋಡಿ ಸಾಧ್ಯವಿಲ್ಲ. ಹಾಗಾಗಿ ಇಲ್ಲಿ ಎರಡೂ ಸ್ಪಿನ್ ಒಂದೇ ಕಡೆ ಇರುವ ಟ್ರಿಪ್ಲೆಟ್ ಜೋಡಿ ಇರಬೇಕು. ಅಂಥ ಜೋಡಿಗೆ ಕಾಂತಕ್ಷೇತ್ರದ ಭಯ ಕಡಿಮೆ. ರೋಡಿಯಂ ವಸ್ತುವಿನಲ್ಲಿ ಕ್ಷೇತ್ರ ಹೆಚ್ಚಿಸುತ್ತಾ ಹೋದರೆ ಸುಮಾರು 2 ಟೆಸ್ಲಾದಲ್ಲಿ ಅತಿವಾಹಕತೆ ಹೋಗಿ, 8 ಟೆಸ್ಲಾ ಆಸುಪಾಸಿನಲ್ಲಿ ಮತ್ತೆ ಹುಟ್ಟುತ್ತದೆ.

ಯುಟಿಇ-2 ಬಗ್ಗೆ ಇಷ್ಟು ಸದ್ದು ಯಾಕೆ?

ಯುರೇನಿಯಂ ಡೈಟೆಲ್ಯೂರೈಡ್. 2019ರಲ್ಲಿ ಪ್ರಕಟವಾದಾಗ ಅದರ ಅತಿವಾಹಕತೆ 1.6 ಕೆಲ್ವಿನ್‌ನಲ್ಲಿ ಶುರುವಾಗುತ್ತಿತ್ತು. ಸಾಮಾನ್ಯ ಮೇಲೆ-ಕೆಳಗೆ ಜೋಡಿ ಎಷ್ಟು ಕ್ಷೇತ್ರ ತಡೆಯಬಲ್ಲದು ಎಂಬುದಕ್ಕೆ 1962ರಲ್ಲಿ ಎ. ಎಂ. ಕ್ಲಾಗ್‌ಸ್ಟನ್ ಮತ್ತು ಬಿ. ಎಸ್. ಚಂದ್ರಶೇಖರ್ ಬೇರೆ ಬೇರೆಯಾಗಿ ಕೊಟ್ಟ ಒಂದು ಮಿತಿ ಇದೆ: ಕೆಲ್ವಿನ್‌ಗೆ 1.84 ಟೆಸ್ಲಾ. ಆ ಲೆಕ್ಕಕ್ಕೆ ಇದು 3 ಟೆಸ್ಲಾದಲ್ಲಿ ಸಾಯಬೇಕು, ಹೆಚ್ಚುಕಡಿಮೆ ಆಸ್ಪತ್ರೆಯ ದೊಡ್ಡ ಎಂಆರ್‌ಐ ಯಂತ್ರದಷ್ಟು. ಆದರೆ ಒಂದು ದಿಕ್ಕಿನಲ್ಲಿ 35 ಟೆಸ್ಲಾದ ತನಕ ಬದುಕುತ್ತದೆ. ಕ್ಷೇತ್ರವನ್ನು ಸ್ವಲ್ಪ ಓರೆ ಮಾಡಿದರೆ 40 ಟೆಸ್ಲಾ ದಾಟಿದ ಮೇಲೆ ಹೊಸದಾಗಿ ಹುಟ್ಟಿ 60 ಟೆಸ್ಲಾ ಆಚೆಗೂ ಇರುತ್ತದೆ.

ತಮಾಷೆ ಎಂದರೆ ಇದು ಆಯಸ್ಕಾಂತವೇ ಅಲ್ಲ. ಸಾಧಾರಣ ಒತ್ತಡದಲ್ಲಿ ಯಾವ ಕಾಂತೀಯ ವ್ಯವಸ್ಥೆಯೂ ಇದರಲ್ಲಿಲ್ಲ. ಮೊದಲಿಗೆ ಇದು ಫೆರೋಮ್ಯಾಗ್ನೆಟ್ ಅಂಚಿನಲ್ಲಿದೆ ಎಂದರು. ಆಮೇಲೆ ನ್ಯೂಟ್ರಾನ್ ಇಟ್ಟು ನೋಡಿದರೆ ಕಂಡದ್ದು ಆಂಟಿಫೆರೋ ಬಗೆಯ ತೊನೆದಾಟ.

ಕಾಂತತೆಯೂ ಅಲ್ಲದ, ಬೇರೆ ಏನೋ ವ್ಯವಸ್ಥೆ ಇದೆಯಂತೆ?

ಯುರೇನಿಯಂ-ರುಥೇನಿಯಂ-ಸಿಲಿಕಾನ್. 17.5 ಕೆಲ್ವಿನ್‌ನಲ್ಲಿ ಏನೋ ಒಂದು ದೊಡ್ಡ ಬದಲಾವಣೆ ಆಗುತ್ತದೆ, ಶಾಖದಲ್ಲಿ ಸ್ಪಷ್ಟ ಜಿಗಿತ ಇದೆ. ಅದು ಏನು ಎಂದು 1985ರಿಂದ ಕೇಳುತ್ತಲೇ ಇದ್ದಾರೆ. ಹೆಸರೇ ಹಿಡನ್ ಆರ್ಡರ್. ಅತಿವಾಹಕತೆ 1.5 ಕೆಲ್ವಿನ್ ಹತ್ತಿರ, ಈ ಅಡಗಿದ ವ್ಯವಸ್ಥೆಯೊಳಗೆ ಮಾತ್ರ ಬರುತ್ತದೆ. ಒತ್ತಡ ಹಾಕಿ ವಸ್ತುವನ್ನು ಪಕ್ಕಾ ಆಂಟಿಫೆರೋಮ್ಯಾಗ್ನೆಟ್ ಮಾಡಿದರೆ ಅತಿವಾಹಕತೆ ಹೊರಟುಹೋಗುತ್ತದೆ. ಕಾಂತತೆ ಯಾವಾಗಲೂ ಮಿತ್ರ ಎಂದು ಹೇಳಲು ಹೊರಟವರಿಗೆ ಈ ವಸ್ತು ತೋರಿಸಿ.

ಇದರಿಂದ ಉಪಯೋಗ ಏನು?

ನೇರವಾಗಿ ಏನೂ ಇಲ್ಲ. ಇಷ್ಟು ತಣ್ಣಗೆ ಮಾಡಿ ತಂತಿ ಎಳೆಯಲು ಯಾರೂ ಹೋಗುವುದಿಲ್ಲ, 18.5 ಕೆಲ್ವಿನ್‌ನ ವಸ್ತುವಿನಲ್ಲೋ ಪ್ಲುಟೋನಿಯಂ ಇದೆ. ಆದರೆ 1986ರಲ್ಲಿ ಬಂದ ತಾಮ್ರದ ಆಕ್ಸೈಡ್‌ಗಳು, 2008ರಲ್ಲಿ ಬಂದ ಕಬ್ಬಿಣದ ಸೂಪರ್‌ಕಂಡಕ್ಟರ್‌ಗಳು, ಇವುಗಳಲ್ಲೂ ಇದೇ ಚಿತ್ರ: ಕಾಂತತೆ ಕುಗ್ಗುವ ಕಡೆ ಅತಿವಾಹಕತೆಯ ಗುಮ್ಮಟ. ಅಲ್ಲಿ ತಿಳಿಯಲು ಕಷ್ಟವಾದದ್ದನ್ನು ಇಲ್ಲಿ ಶುದ್ಧ ಹರಳಿನಲ್ಲಿ, ಒತ್ತಡ ಒಂದನ್ನೇ ಬದಲಿಸಿ ನೋಡಬಹುದು.

ನಮ್ಮ ಕಡೆ ಯಾರಾದರೂ ಇದರಲ್ಲಿ ಕೆಲಸ ಮಾಡಿದ್ದಾರಾ?

ಖಂಡಿತ. ಕೊಂಡೊ ಸಮಸ್ಯೆಗೆ ಕೆನೆತ್ ವಿಲ್ಸನ್ 1975ರಲ್ಲಿ ಕೊಟ್ಟ ವಿಧಾನವನ್ನು ಆಂಡರ್ಸನ್ ಮಾದರಿಗೆ (ಕೂತ ಎಲೆಕ್ಟ್ರಾನ್ ಓಡಾಡುವವುಗಳೊಂದಿಗೆ ಬೆರೆಯುವುದನ್ನು ವಿವರಿಸುವ ಮಾದರಿ) ವಿಸ್ತರಿಸಿದ 1980ರ ಎರಡು ಪ್ರಬಂಧಗಳ ಮೊದಲ ಹೆಸರು ಎಚ್. ಆರ್. ಕೃಷ್ಣಮೂರ್ತಿ ಅವರದು, ಜೊತೆಗೆ ವಿಲ್ಕಿನ್ಸ್ ಮತ್ತು ವಿಲ್ಸನ್. ಕೃಷ್ಣಮೂರ್ತಿ ಮುಂದೆ ಬೆಂಗಳೂರಿನ ಐಐಎಸ್‌ಸಿಯಲ್ಲಿ ಪ್ರಾಧ್ಯಾಪಕರಾದರು. ಅಲ್ಲೇ ಇದ್ದ ಟಿ. ವಿ. ರಾಮಕೃಷ್ಣನ್ ಕೂಡ ಎಫ್ ಎಲೆಕ್ಟ್ರಾನ್‌ಗಳ ಸಿದ್ಧಾಂತದಲ್ಲಿ ದೊಡ್ಡ ಕೆಲಸ ಮಾಡಿದವರು. ಪ್ರಯೋಗದ ಕಡೆ ಮುಂಬೈನ ಟಿಐಎಫ್‌ಆರ್ ಇದೆ. ಆರ್. ನಾಗರಾಜನ್ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ಇಟ್ರಿಯಂ-ನಿಕಲ್-ಬೋರಾನ್-ಇಂಗಾಲದ ಅತಿವಾಹಕತೆಯಿಂದ ಬೋರೋಕಾರ್ಬೈಡ್ ಎಂಬ ಕುಟುಂಬವೇ ತೆರೆದುಕೊಂಡಿತು. ಅದರಲ್ಲಿ ಎರ್ಬಿಯಂ, ಹೋಲ್ಮಿಯಂ ಹಾಕಿದರೆ ಕಾಂತತೆ ಮತ್ತು ಅತಿವಾಹಕತೆ ಒಟ್ಟಿಗೆ ಸಿಗುತ್ತವೆ. ಇಟ್ಟರ್ಬಿಯಂ ಹಾಕಿದರೆ ಸಿಗುವುದು ಹೆವಿ ಫರ್ಮಿಯಾನ್, ಅತಿವಾಹಕತೆ ಇಲ್ಲ.

ಒಂದೇ ವಸ್ತು, ಎರಡು ಲ್ಯಾಬ್, ಎರಡು ಫಲಿತಾಂಶ. ಯಾರನ್ನು ನಂಬಬೇಕು?

ಹರಳು ಬೆಳೆಸಿದವರನ್ನು ಮೊದಲು ವಿಚಾರಿಸಿ. ಡಿ-ವೇವ್‌ನಂಥ ಜೋಡಿಗೆ ಕಾಂತೀಯ ಅಲ್ಲದ ಕೊಳೆಯೂ ಆಗಿಬರುವುದಿಲ್ಲ, ಹಾಗಾಗಿ ಕೊಳಕು ಹರಳಿನಲ್ಲಿ ಅತಿವಾಹಕತೆ ಕಾಣಿಸದೇ ಹೋಗಬಹುದು. ಕೋಬಾಲ್ಟ್ 115 ಈ ವಿಷಯದಲ್ಲಿ ಒಳ್ಳೆಯದು. ಧಾತುಗಳನ್ನು ಜಾಸ್ತಿ ಇಂಡಿಯಂ ಜೊತೆ ಅಲ್ಯೂಮಿನಾ ಮೂಸೆಗೆ ಹಾಕಿ, ಕ್ವಾರ್ಟ್ಸ್ ಕೊಳವೆಯಲ್ಲಿ ಸೀಲ್ ಮಾಡಿ, ಕುಲುಮೆಯಲ್ಲಿ ಕಾಯಿಸಿ ನಿಧಾನಕ್ಕೆ ತಣಿಸುತ್ತಾರೆ. ಇಂಡಿಯಂ 157 ಡಿಗ್ರಿ ಸೆಲ್ಸಿಯಸ್‌ಗೇ ಕರಗುವುದರಿಂದ, ಬಿಸಿ ಇರುವಾಗಲೇ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದರೆ ಮಿಕ್ಕ ಇಂಡಿಯಂ ಹರಿದುಹೋಗಿ ಹೊಳೆಯುವ ಹರಳುಗಳು ಉಳಿಯುತ್ತವೆ.

ಯುಟಿಇ-2ರಲ್ಲಿ ಇದೇ ಪಾಠ ಮತ್ತೆ ಆಯಿತು. ಮೊದಲ ಹರಳುಗಳಲ್ಲಿ ಕೆಲವಕ್ಕೆ ಅತಿವಾಹಕತೆಯ ಎರಡು ಜಿಗಿತ ಕಂಡವು, ಅದರ ಮೇಲೆ ಸಿದ್ಧಾಂತಗಳನ್ನೇ ಕಟ್ಟಿದರು. 2022ರಲ್ಲಿ ಕರಗಿದ ಉಪ್ಪಿನಲ್ಲಿ ಬೆಳೆಸಿದ ಶುದ್ಧ ಹರಳುಗಳು ಬಂದವು. ಅವುಗಳಲ್ಲಿ ಅತಿವಾಹಕತೆ 2.1 ಕೆಲ್ವಿನ್‌ಗೆ ಏರಿತು, ಜಿಗಿತ ಒಂದೇ. ಆ ವಸ್ತುವಿನ ಬಗ್ಗೆ ಯಾವ ಪ್ರಬಂಧ ಕೈಗೆ ಸಿಕ್ಕರೂ ಹರಳು ಯಾವ ವಿಧಾನದ್ದು, ಯಾವ ವರ್ಷದ್ದು ಎಂದು ಮೊದಲು ನೋಡಿ, ಆಮೇಲೆ ಗ್ರಾಫ್ ನೋಡಿ.